ಬಳೆ ಏರದ ಕೈಯ ನಾಯಕಿ

ಪ್ರಶ್ನೆ: ಧಾರವಾಡದ ಹಿನ್ನೆಲೆಯಲ್ಲಿ ಒಂದು ಪ್ರೇಮ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿಗೆ 28 ವರ್ಷ, ಬ್ಯಾಂಕಿನಲ್ಲಿ ಕೆಲಸ, ಎರಡು ವರ್ಷಗಳಿಂದ ರುಮಟಾಯ್ಡ್ ಸಂಧಿವಾತ. ಅದನ್ನು ಮುಚ್ಚಿಟ್ಟುಕೊಂಡೇ ಒಬ್ಬ ಕಾಲೇಜು ಉಪನ್ಯಾಸಕನನ್ನು ಪ್ರೀತಿಸುತ್ತಾಳೆ. ನಿಜ ತಿಳಿದ ಮೇಲೂ ಅವನು ಕೈಬಿಡುವುದಿಲ್ಲ. ಅವನ ಪ್ರೀತಿಯಿಂದಲೂ ಹಳ್ಳಿಯ ವೈದ್ಯರೊಬ್ಬರು ಕೊಟ್ಟ ಪುಡಿಯಿಂದಲೂ ಪೂರ್ತಿ ಗುಣವಾಗಿ, ಕೊನೆಯ ಅಧ್ಯಾಯದಲ್ಲಿ ಗೋಕರ್ಣದ ಕಡಲ ದಂಡೆಯಲ್ಲಿ ಓಡುತ್ತಾಳೆ. ಕರಡು ಓದಿದ ಗೆಳತಿ, "ಇದು ಸುಳ್ಳು ಅನ್ನಿಸುತ್ತದೆ, ಅವಳನ್ನು ಸಾಯಿಸಿಬಿಡು, ಓದುವವರು ಅಳುತ್ತಾರೆ" ಎನ್ನುತ್ತಾಳೆ. ವೈದ್ಯಕೀಯವಾಗಿ ಯಾವುದು ಸರಿ? ಇಂಥ ಹುಡುಗಿ ಮದುವೆಯಾಗಿ ಮಕ್ಕಳನ್ನು ಹೆರಬಹುದೇ? ಮೊದಲ ಮೂರು ಅಧ್ಯಾಯಗಳನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಕೀಲುರೋಗಗಳ ವೈದ್ಯೆಯಾಗಿ ಹೇಳುವುದಾದರೆ ಎರಡು ಅಂತ್ಯಗಳೂ ಸರಿಯಲ್ಲ. ರುಮಟಾಯ್ಡ್ ಸಂಧಿವಾತ ಒಬ್ಬರ ಪ್ರೀತಿಗೆ ಸೋತು ಬಿಟ್ಟುಹೋಗುವ ಕಾಯಿಲೆಯಲ್ಲ, 28ರ ಹುಡುಗಿಯನ್ನು ಕೊನೆಯ ಹತ್ತು ಪುಟಗಳಲ್ಲಿ ಕೊಂದು ಮುಗಿಸುವ ಕಾಯಿಲೆಯೂ ಅಲ್ಲ. ಅದು ಜೊತೆಗೇ ಇರುತ್ತದೆ. ಸರಿಯಾದ ಚಿಕಿತ್ಸೆ ಬೇಗ ಸಿಕ್ಕರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಮಲಗಿರುತ್ತದೆ, ಮತ್ತೆ ಯಾವುದೋ ಒಂದು ವಾರ ಎದ್ದು ಕೂರುತ್ತದೆ. ನಿಮ್ಮ ನಾಯಕನಿಗೆ ಅವಳನ್ನು ಗುಣಪಡಿಸುವ ಕೆಲಸ ಕೊಟ್ಟಿದ್ದೀರಿ. ಅದು ಅವನಿಂದ ಆಗದ ಕೆಲಸ. ಗುಣವಾಗದ ಕಾಯಿಲೆಯೊಂದು ಮನೆಯಲ್ಲಿರುವಾಗ ಆಕೆಯೊಂದಿಗೆ ದಿನಗಳನ್ನು ಹೇಗೆ ಹೊಂದಿಸಿಕೊಳ್ಳುತ್ತಾನೆ ಎಂಬುದನ್ನು ಬರೆದರೆ, ಪ್ರೀತಿ ತಾನಾಗಿ ಪುಟಪುಟದಲ್ಲೂ ಕಾಣುತ್ತದೆ.

ಮೊದಲು ಕಾಯಿಲೆಯ ಚಿತ್ರವನ್ನೇ ತಿದ್ದಬೇಕು. ನಿಮ್ಮ ಕರಡಿನಲ್ಲಿ ಅವಳು ಸಂಜೆ ಬ್ಯಾಂಕಿನಿಂದ ಬಂದು ಮಂಡಿ ಹಿಡಿದುಕೊಂಡು ಕೂರುತ್ತಾಳೆ, ಬೆಳಗ್ಗೆ ಎದ್ದಾಗ ಹೂವಿನಷ್ಟು ಹಗುರಾಗಿರುತ್ತಾಳೆ. ಅದು ಅವಳ ಅಜ್ಜಿಯ ಕಾಯಿಲೆ, ಕೀಲು ಸವೆದು ಬರುವ ನೋವು. ರುಮಟಾಯ್ಡ್ ಸಂಧಿವಾತದಲ್ಲಿ ಆಗುವುದು ಬೇರೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯನ್ನು ಹೊರಗಿನ ಶತ್ರು ಎಂದು ತಿಳಿದು ಅದರ ಮೇಲೆ ಬೀಳುತ್ತದೆ. ಪೊರೆ ಊದಿಕೊಂಡು ನೀರು ತುಂಬುತ್ತದೆ, ಚಿಕಿತ್ಸೆಯಿಲ್ಲದೆ ಬಿಟ್ಟರೆ ಮೃದ್ವಸ್ಥಿಯನ್ನೂ ಮೂಳೆಯ ಅಂಚನ್ನೂ ಕೊರೆಯುತ್ತ ಹೋಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು-ಮೂರು ಪಟ್ಟು ಹೆಚ್ಚು. ಸಾಮಾನ್ಯವಾಗಿ ಮೊದಲು ಹಿಡಿಯುವುದು ಕೈಬೆರಳ ಬುಡದ ಮತ್ತು ನಡುವಿನ ಗೆಣ್ಣುಗಳನ್ನು, ಮಣಿಕಟ್ಟನ್ನು, ಕಾಲ್ಬೆರಳ ಬುಡವನ್ನು, ಅದೂ ಎಡ-ಬಲ ಎರಡೂ ಕಡೆ. ಉಗುರಿನ ಪಕ್ಕದ ಗೆಣ್ಣಿಗೆ ಅದು ಹೆಚ್ಚಾಗಿ ಹೋಗುವುದಿಲ್ಲ. ಅದರ ಕೆಟ್ಟ ಹೊತ್ತು ಬೆಳಗಿನ ಜಾವ.

ಆ ಬೆಳಗನ್ನು ನೀವು ಬಿಡಿಸಿ ಬರೆಯಬೇಕು. ಹತ್ತು ಗಂಟೆಯ ಬ್ಯಾಂಕಿಗೆ ಅವಳು ಐದಕ್ಕೇ ಅಲಾರಂ ಇಟ್ಟುಕೊಳ್ಳುತ್ತಾಳೆ, ಏಕೆಂದರೆ ಬೆರಳು ಬಿಡಿಸಿಕೊಳ್ಳಲು ಒಂದು ತಾಸು, ಕೆಲವು ದಿನ ಎರಡು ತಾಸು ಬೇಕು. ಕಣ್ಣು ಬಿಟ್ಟಾಗ ಕೈಗಳು ಅರ್ಧ ಮುಚ್ಚಿದಂತೆಯೇ ಪೆಡಸಾಗಿರುತ್ತವೆ. ಮುಷ್ಟಿ ಕಟ್ಟಲೂ ಆಗುವುದಿಲ್ಲ, ಅಂಗೈ ಪೂರ್ತಿ ಅಗಲಿಸಲೂ ಆಗುವುದಿಲ್ಲ. ಹೊದಿಕೆಯನ್ನು ಮೊಣಕೈಯಿಂದ ಸರಿಸುತ್ತಾಳೆ. ಕಾಲು ನೆಲಕ್ಕೆ ತಾಗಿದಾಗ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ ಹಾಗಿರುತ್ತದೆ ಎಂದು ನನ್ನ ರೋಗಿಗಳು ಒಬ್ಬರಾದ ಮೇಲೊಬ್ಬರು ಹೇಳಿದ್ದಾರೆ. ಕತ್ತರಿ ಹಿಡಿಯಲಾಗದೆ ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಾಳೆ. ಬಚ್ಚಲಲ್ಲಿ ಬಕೆಟ್ಟಿನ ಬಿಸಿನೀರಿಗೆ ಎರಡೂ ಕೈ ಇಳಿಬಿಟ್ಟು, ಬೆರಳುಗಳು ಒಂದೊಂದಾಗಿ ಸಡಿಲವಾಗುವುದನ್ನು ಕಾಯುತ್ತ ಕೂರುತ್ತಾಳೆ. ರವಿಕೆಯ ಹುಕ್ಕು ಹಾಕಿಕೊಡು ಎಂದು ಅಮ್ಮನನ್ನು ಕರೆಯಲು ಮನಸ್ಸಾಗದೆ, ಸೀರೆ ಉಡಬೇಕೆಂದು ತೆಗೆದಿಟ್ಟದ್ದನ್ನು ಮಡಿಸಿಟ್ಟು ಚೂಡಿದಾರ ಹಾಕಿಕೊಳ್ಳುತ್ತಾಳೆ. ಧಾರವಾಡದ ಮನೆ ಎಂದ ಮೇಲೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿರುತ್ತದೆ. ಆ ಸಪ್ಪಳ ಕೇಳುತ್ತ ಅವಳು ತನ್ನ ಅಂಗೈ ನೋಡಿಕೊಳ್ಳುವುದನ್ನು ನೀವು ಬರೆದರೆ, ಮುಂದೆ ಬರಲಿರುವ ಅತ್ತೆಯ ಮನೆಯ ಭಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಹನ್ನೊಂದಕ್ಕೆ ಕೌಂಟರಿನ ಮುಂದೆ ಬಂದು ನಿಂತ ಉಪನ್ಯಾಸಕನಿಗೆ ಇದಾವುದೂ ಗೊತ್ತಾಗುವುದಿಲ್ಲ. ನೋಟಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುವುದನ್ನು ಮಾತ್ರ ಅವಳು ಪಕ್ಕದವರಿಗೆ ದಾಟಿಸುತ್ತಾಳೆ ಎಂಬುದನ್ನು ಅವನು ಎರಡನೆಯ ಸಲವೋ ಮೂರನೆಯ ಸಲವೋ ಗಮನಿಸಲಿ. ನಿಮ್ಮ ಕರಡಿನಲ್ಲಿ ಅವಳು ಪ್ರಜ್ಞೆ ತಪ್ಪಿ ಬಿದ್ದು, ಅವನು ಎತ್ತಿಕೊಂಡು ಆಸ್ಪತ್ರೆಗೆ ಓಡುವಾಗ ಗುಟ್ಟು ಬಯಲಾಗುತ್ತದೆ. ಈ ಕಾಯಿಲೆಯಲ್ಲಿ ಹಾಗೆ ಕುಸಿದು ಬೀಳುವುದು ಸಾಮಾನ್ಯವಲ್ಲ, ಮತ್ತು ಒಂದು ರಬ್ಬರ್ ಬ್ಯಾಂಡಿನಿಂದ ಅವಳನ್ನು ಅರಿತುಕೊಂಡ ಗಂಡಸನ್ನು ನಾನು ಓದುಗಳಾಗಿ ಹೆಚ್ಚು ನಂಬುತ್ತೇನೆ.

ಬಳೆಯ ವಿಷಯವನ್ನು ನೀವು ಎಲ್ಲಿಯೂ ಬರೆದಿಲ್ಲ, ಅದಕ್ಕೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಮದುವೆಗೆ ಹದಿನೈದು ದಿನ ಇರುವಾಗ ಒಬ್ಬ ಹುಡುಗಿ ತಾಯಿಯ ಜೊತೆ ಬಂದಿದ್ದಳು. ಬಳೆ ಇಡಿಸುವ ದಿನ ಗೊತ್ತಾಗಿತ್ತು. ಮನೆಯಲ್ಲಿ ಗುಟ್ಟಾಗಿ ಪ್ರಯತ್ನಿಸಿ ನೋಡಿದ್ದರು. ಮೊದಲು ಎರಡೂ ನಾಲ್ಕರ ಸೈಜು ಹಾಕುತ್ತಿದ್ದ ಕೈಗೆ ಅದಕ್ಕಿಂತ ದೊಡ್ಡದಾದ ಎರಡೂ ಎಂಟರ ಸೈಜೂ ಏರಲಿಲ್ಲ. ಬಳೆಗಾರ ಬಳೆ ಏರಿಸುವ ರೀತಿ ನಿಮಗೆ ಗೊತ್ತಿದೆ: ಬೆರಳ ಬುಡದ ಗೆಣ್ಣುಗಳನ್ನು ಒತ್ತಿ ಒಂದರ ಮೇಲೊಂದು ಮಡಿಸಿ, ಅಂಗೈಯನ್ನು ಕಿರಿದು ಮಾಡಿ, ಬಳೆಯನ್ನು ದಾಟಿಸುತ್ತಾನೆ. ನಾವು ವೈದ್ಯರು ಈ ರೋಗವಿದೆಯೇ ಎಂದು ನೋಡಲು ಮೊದಲು ಮಾಡುವ ಪರೀಕ್ಷೆಯೂ ಅದೇ, ಆ ಗೆಣ್ಣುಗಳ ಸಾಲನ್ನು ಎರಡು ಬದಿಯಿಂದ ಮೆಲ್ಲಗೆ ಒತ್ತುವುದು. ರೋಗ ಇದ್ದವರು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆ ಹುಡುಗಿ ಎಳೆದುಕೊಳ್ಳಲಿಲ್ಲ, ಅಭ್ಯಾಸ ಮಾಡಿಕೊಂಡು ಬಂದಿದ್ದಳು. ಕಣ್ಣಲ್ಲಿ ನೀರು ಮಾತ್ರ ತುಂಬಿತು. ತಾಯಿ ಕೇಳಿದ್ದು ಒಂದೇ: "ಡಾಕ್ಟ್ರೇ, ಆ ಒಂದು ದಿನಕ್ಕೆ ಊತ ಇಳಿಯೋ ಹಾಗೆ ಏನಾದರೂ ಕೊಡಿ." ಅಲ್ಪಾವಧಿಗೆ ಸ್ಟೆರಾಯ್ಡ್ ಕೊಟ್ಟೆ, ಜೊತೆಗೆ ದೀರ್ಘಕಾಲದ ಔಷಧವನ್ನೂ ಶುರು ಮಾಡಿದೆ. ಆ ದಿನ ಬಳೆ ಏರಿದವು. ಹುಡುಗನಿಗೆ ಹೇಳಿದ್ದೀರಾ ಎಂದು ನಾನು ಕೇಳಿದ್ದಕ್ಕೆ ತಾಯಿ-ಮಗಳು ಇಬ್ಬರೂ ಉತ್ತರ ಕೊಡಲಿಲ್ಲ. ಮುಂದೆ ಅವರು ನನ್ನ ಬಳಿಗೆ ಬರಲೂ ಇಲ್ಲ.

ಊತ, ನೋವುಗಳ ಜೊತೆಗೆ ಸುಸ್ತು ಇದೆ, ಕಾದಂಬರಿಕಾರರು ಬಹುತೇಕ ಮರೆಯುವುದು ಇದನ್ನೇ. ಇದು ನಿದ್ದೆ ಮಾಡಿದರೆ ಹೋಗುವ ಆಯಾಸವಲ್ಲ; ಜ್ವರ ಬಿಟ್ಟ ಮರುದಿನದ ನಿತ್ರಾಣ ತಿಂಗಳುಗಟ್ಟಲೆ ಮುಂದುವರಿದ ಹಾಗೆ ಎಂದುಕೊಳ್ಳಿ. ಇದು ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಮತ್ತು ಈ ಏರಿಳಿತವೇ ಸಂಬಂಧಗಳನ್ನು ಹೆಚ್ಚು ಕೆಡಿಸುತ್ತದೆ. ಶನಿವಾರ ನಗುನಗುತ್ತ ಸಾಧನಕೇರಿಯ ಕೆರೆಯ ದಂಡೆಯಲ್ಲಿ ಅಡ್ಡಾಡಿದವಳು ಭಾನುವಾರ ಫೋನು ಎತ್ತುವುದಿಲ್ಲ. "ನಿನ್ನೆ ಚಲೋ ಇದ್ದಿಯಲ್ಲ" ಎಂಬ ಮಾತು ಮನೆಯವರಿಂದ, ಕಚೇರಿಯವರಿಂದ, ಕೊನೆಗೆ ಅವನಿಂದಲೂ ಬರುತ್ತದೆ. ಹೊರಗೆ ಏನೂ ಕಾಣದ ಕಾರಣ ಸೋಮಾರಿತನ ಎನ್ನುತ್ತಾರೆ, ನಾಟಕ ಎನ್ನುತ್ತಾರೆ. 2006ರಲ್ಲಿ ಚಿಕೂನ್‌ಗುನ್ಯ ನಮ್ಮ ರಾಜ್ಯದ ಊರೂರಿನ ಕೀಲುಗಳನ್ನು ಹಿಡಿದದ್ದು ಹಿರಿಯರಿಗೆ ನೆನಪಿದೆ. "ನಮಗೂ ಬಂದಿತ್ತು, ಆರು ತಿಂಗಳಿಗೆ ಹೋಯಿತು, ನಿನ್ನದು ಯಾಕೆ ಹೋಗುವುದಿಲ್ಲ" ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳುವ ಚಿಕ್ಕಮ್ಮ ಒಬ್ಬಳು ನಿಮ್ಮ ಕಥೆಯಲ್ಲಿ ಇರಲಿ. ನಾಯಕಿ ಭೇಟಿಗಳನ್ನು ತಪ್ಪಿಸುತ್ತಿರುವುದು ತನ್ನ ಮೇಲಿನ ಅನಾದರದಿಂದ ಎಂದು ನಾಯಕ ತಿಳಿಯುವುದು, ಅವಳು ಕಾರಣ ಹೇಳಲಾರದೆ ಆ ತಪ್ಪು ತಿಳಿವಳಿಕೆಯನ್ನೇ ಒಪ್ಪಿಕೊಳ್ಳುವುದು, ಇಷ್ಟರಲ್ಲಿಯೇ ಕಾದಂಬರಿಯ ನಡುಭಾಗ ತುಂಬಿಬರುತ್ತದೆ. ಖಳನಾಯಕನನ್ನು ಬೇರೆ ತರಬೇಕಾಗಿಲ್ಲ.

ಇನ್ನು ಗುಣವಾಗುವ ಅಂತ್ಯದ ಮಾತು. ನೀವು ಬರೆದಂಥ ಪವಾಡ ಒಮ್ಮೆ ನಿಜಕ್ಕೂ ನಡೆದಿದೆ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಈ ಕಾಯಿಲೆಯಿಂದ ನಡೆಯಲೂ ಕಷ್ಟವಾಗಿದ್ದ 29 ವರ್ಷದ ಮಹಿಳೆಯೊಬ್ಬರಿಗೆ, ಮುಂದೆ ಕಾರ್ಟಿಸೋನ್ ಎಂದು ಹೆಸರಾದ ಸ್ಟೆರಾಯ್ಡನ್ನು ಚುಚ್ಚುಮದ್ದಾಗಿ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಒಂದು ವಾರ ಕಳೆಯುವಷ್ಟರಲ್ಲಿ ಪೇಟೆಗೆ ಹೋಗಿ ಸಾಮಾನು ಕೊಂಡು ಬಂದರು. 1950ರಲ್ಲಿ ಹೆಂಚ್, ಅವರ ಸಹೋದ್ಯೋಗಿ ಎಡ್ವರ್ಡ್ ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಆದರೆ ಮದ್ದು ನಿಲ್ಲಿಸಿದರೆ ರೋಗ ಮರಳುತ್ತಿತ್ತು, ಹೆಚ್ಚು ಪ್ರಮಾಣದಲ್ಲಿ ಮುಂದುವರಿಸಿದರೆ ಮುಖ ದುಂಡಗೆ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾಗಿ, ಮನಸ್ಸು ಕಲಕುತ್ತಿತ್ತು. ನಿಮ್ಮ ಹಳ್ಳಿಯ ವೈದ್ಯರ ಪುಡಿ ನಾಲ್ಕು ದಿನದಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸುತ್ತದೆ ಎಂದು ಓದಿದಾಗ ನನಗೆ ಕಂಡದ್ದು ಇದೇ. ಹೆಸರು-ಚೀಟಿ ಇಲ್ಲದ ಇಂಥ ಪುಡಿಗಳಲ್ಲಿ ಪುಡಿಮಾಡಿದ ಸ್ಟೆರಾಯ್ಡ್ ಮಾತ್ರೆ ಬೆರೆತಿರುವುದನ್ನು ನಮ್ಮ ವೃತ್ತಿಯವರು ಮತ್ತೆ ಮತ್ತೆ ಕಂಡಿದ್ದಾರೆ. ನಾಟಿ ವೈದ್ಯರೆಲ್ಲರೂ ಹೀಗೆ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಕಾದಂಬರಿ ಓದಿದ ಒಬ್ಬ ಹುಡುಗಿ ತನ್ನ ಮಾತ್ರೆ ಬಿಟ್ಟು ಅಂಥ ಪುಡಿ ಹುಡುಕಿಕೊಂಡು ಹೋದರೆ, ಕಾಯಿಲೆಯ ಮೊದಲ ತಿಂಗಳುಗಳ ಅಮೂಲ್ಯ ಕಾಲ ಕೈತಪ್ಪುತ್ತದೆ, ಕೊರೆದುಹೋದ ಮೂಳೆ ಮತ್ತೆ ತುಂಬಿಕೊಳ್ಳುವುದಿಲ್ಲ. ಪುಡಿಯನ್ನು ತೆಗೆದುಹಾಕಬೇಕಾಗಿಲ್ಲ, ಅದು ಕಥೆಯಲ್ಲಿರಲಿ. ಅವಳ ಮುಖ ದುಂಡಗಾದದ್ದನ್ನು "ಮೈ ತುಂಬಿಕೊಂಡಿದ್ದಾಳೆ" ಎಂದು ಬಂಧುಗಳು ಮೆಚ್ಚುವುದೂ, ಪುಡಿ ತಪ್ಪಿದ ವಾರ ಅವಳು ಹಾಸಿಗೆ ಹಿಡಿಯುವುದೂ ಜೊತೆಗೆ ಬರಲಿ.

ನಿಮ್ಮ ಗೆಳತಿಯ ಸಲಹೆಗೆ ಹೆಚ್ಚು ಹೊತ್ತು ಬೇಡ. ಕ್ಷಯಕ್ಕೆ ಮದ್ದಿಲ್ಲದ ಕಾಲದಲ್ಲಿ ಕರವಸ್ತ್ರದಲ್ಲಿ ರಕ್ತ ಕಂಡ ನಾಯಕಿ ಸಾಯುವುದು ಸಹಜವಾಗಿತ್ತು, ಆ ಅಭ್ಯಾಸ ನಮ್ಮ ಕಥೆಗಳಲ್ಲಿ ಮದ್ದು ಬಂದ ಮೇಲೂ ಉಳಿಯಿತು. ಈ ಕಾಯಿಲೆ ವರ್ಷಗಟ್ಟಲೆ ಉರಿದರೆ ಹೃದಯಕ್ಕೂ ಶ್ವಾಸಕೋಶಕ್ಕೂ ತೊಂದರೆ ಮಾಡಬಲ್ಲದು ನಿಜ, ಆದರೆ ಅದು ನಿಮ್ಮ ಕಥೆಯ ಕಾಲಾವಧಿಯೊಳಗೆ ಆಗುವಂಥದ್ದಲ್ಲ. ನಮ್ಮ ಜನಪ್ರಿಯ ಕಾದಂಬರಿಯೊಳಗೇ ಇನ್ನೊಂದು ದಾರಿ ಇದೆ. ತ್ರಿವೇಣಿಯವರ 'ಶರಪಂಜರ', 1971ರಲ್ಲಿ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ್ದು, ಹೇಳುವುದು ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರು ಗುಣವಾದವಳೆಂದು ನೋಡಲು ಒಪ್ಪದ ಕಥೆ. ಅಲ್ಲಿ ರೋಗಕ್ಕಿಂತ ಸುತ್ತಲಿನವರ ಕಣ್ಣು ಹೆಚ್ಚು ನೋಯಿಸುತ್ತದೆ. ನಿಮ್ಮ ನಾಯಕಿಗೂ ಆ ಕಣ್ಣುಗಳು ಎದುರಾಗುತ್ತವೆ. ಅವಳ ಪಕ್ಕದಲ್ಲಿ ಬೇರೆ ರೀತಿ ನೋಡುವ ಒಬ್ಬನನ್ನು ನಿಲ್ಲಿಸುವ ಅವಕಾಶ ನಿಮಗಿದೆ.

ಮುಚ್ಚಿಡುವುದರ ಬಗ್ಗೆ ಒಂದು ಮಾತು. ಯಾವಾಗ ಹೇಳಬೇಕು ಎಂದು ಹುಡುಗಿಯರು ನನ್ನನ್ನು ಕೇಳುತ್ತಾರೆ. ಮೊದಲ ಭೇಟಿಯಲ್ಲೇ ಫೈಲು ತೆರೆದಿಡಬೇಕಾಗಿಲ್ಲ, ಮದುವೆಯ ಮಾತು ಗಟ್ಟಿಯಾಗುವ ಮುಂಚೆ ಖಂಡಿತ ಹೇಳಬೇಕು ಎನ್ನುತ್ತೇನೆ. ಮಹತ್ವದ ಸಂಗತಿಯನ್ನು ಮರೆಮಾಚಿ ಮದುವೆಗೆ ಒಪ್ಪಿಗೆ ಪಡೆದರೆ, 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಅಡಿ ಮದುವೆ ರದ್ದು ಕೋರಿ ನ್ಯಾಯಾಲಯಕ್ಕೆ ಹೋಗಲು ಅವಕಾಶವಿದೆ. ಮೂರ್ಛೆರೋಗವಂತೂ 1999ರ ತಿದ್ದುಪಡಿಯ ವರೆಗೆ ಅದೇ ಕಾಯ್ದೆಯಲ್ಲಿ ಮದುವೆಗೇ ಅಡ್ಡಿಯಾಗಿತ್ತು. ರೋಗ ಹೇಳಿಕೊಂಡರೆ ಕೆಟ್ಟಿತು ಎಂಬ ತಾಯಂದಿರ ಭಯ ಎಲ್ಲಿಂದ ಬಂತೆಂಬುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಅವಳ ತಾಯಿಯನ್ನು ಕೆಟ್ಟವಳನ್ನಾಗಿ ಬರೆಯಬೇಡಿ. ಮಗಳ ಔಷಧವನ್ನು ಮೊಬೈಲಿನಲ್ಲಿ ಹುಡುಕಿ, ಅದು ಕ್ಯಾನ್ಸರಿಗೂ ಕೊಡುವ ಮಾತ್ರೆ ಎಂದು ಓದಿ, ಮೂರು ರಾತ್ರಿ ನಿದ್ದೆಯಿಲ್ಲದೆ ಕಳೆದು, ಕೊನೆಗೆ ಮಾತ್ರೆಯ ಪಟ್ಟಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುವ ತಾಯಿ ಆಕೆ.

ಮಕ್ಕಳ ಪ್ರಶ್ನೆಗೆ ನೇರ ಉತ್ತರ: ಹೆರಬಹುದು, ಯೋಜನೆ ಬೇಕು. ಮೆಥೊಟ್ರೆಕ್ಸೇಟ್ ಎಂಬ ಮುಖ್ಯ ಔಷಧ ಭ್ರೂಣಕ್ಕೆ ಅಪಾಯಕಾರಿ. ಗರ್ಭಕ್ಕೆ ಪ್ರಯತ್ನಿಸುವ ಸುಮಾರು ಮೂರು ತಿಂಗಳು ಮೊದಲೇ ಅದನ್ನು ನಿಲ್ಲಿಸಿ, ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜಿನ್‌ನಂಥ ಸುರಕ್ಷಿತ ಔಷಧಗಳಿಗೆ ಬದಲಿಸಿ, ರೋಗ ತಣ್ಣಗಿರುವಾಗ ಮುಂದುವರಿಯುತ್ತೇವೆ. ತಾಯಿಗೆ ಇದೆ ಎಂದ ಮಾತ್ರಕ್ಕೆ ಮಗುವಿಗೆ ಬರುವುದಿಲ್ಲ; ಸಂಭವ ತುಸು ಹೆಚ್ಚಾಗುತ್ತದೆ, ಹೆಚ್ಚಿನ ಮಕ್ಕಳಿಗೆ ಬರುವುದೇ ಇಲ್ಲ. ಅಚ್ಚರಿಯೆಂದರೆ ಬಸಿರಿನಲ್ಲಿ ಅರ್ಧಕ್ಕೂ ಹೆಚ್ಚು ಹೆಂಗಸರ ನೋವು ಕಡಿಮೆಯಾಗುತ್ತದೆ. ಹೆಂಚ್ ಅವರಿಗೆ ಸಂಶೋಧನೆಯ ಜಾಡು ತೋರಿಸಿದ ಸುಳಿವುಗಳಲ್ಲಿ ಇದೂ ಒಂದು. ಆದರೆ ಹೆರಿಗೆಯಾದ ಮೊದಲ ಕೆಲವು ತಿಂಗಳಲ್ಲಿ ಅದು ಬಲವಾಗಿ ಮರಳುವುದು ಸಾಮಾನ್ಯ. ಇಲ್ಲಿ ನಮ್ಮ ಬಾಣಂತನದ ಪದ್ಧತಿಯನ್ನು ಯೋಚಿಸಿ. ಕೈಯಲ್ಲಿ ಹಸುಗೂಸು ಇರುವಾಗ, ಬೆರಳು ಮಡಿಸಲಾಗದ ಆ ತಿಂಗಳುಗಳಲ್ಲೇ ಅವಳು ತವರಿನಲ್ಲಿರುತ್ತಾಳೆ, ಗಂಡ ಭಾನುವಾರಕ್ಕೊಮ್ಮೆ ಬಂದು ಹೋಗುವ ಅತಿಥಿ. ಮಗುವನ್ನು ಎತ್ತಲು ಭಯ, ಕೈಜಾರೀತು ಎಂದು. ಎತ್ತದಿದ್ದರೆ ಆಡುವ ಬಾಯಿಗಳ ಭಯ. ನಿಮ್ಮ ಉಪನ್ಯಾಸಕ ಪದ್ಧತಿ ಮುರಿದು ಅತ್ತೆಯ ಮನೆಯಲ್ಲೇ ಚಾಪೆ ಹಾಸಿ, ಬೆಳಗಿನ ನಾಲ್ಕರ ಸರದಿ ತನ್ನದು ಎನ್ನುವುದಾದರೆ, ಅವನು ಪ್ರೀತಿಸುತ್ತಾನೆ ಎಂದು ನೀವು ಬಾಯಿಬಿಟ್ಟು ಬರೆಯಬೇಕಾಗಿಲ್ಲ.

ಸ್ಪರ್ಶದ ಬಗ್ಗೆ ನೀವು ಕೇಳಲಿಲ್ಲ, ಸಂಕೋಚವಿದ್ದೀತು. ಪ್ರೇಮ ಕಾದಂಬರಿಯಲ್ಲಿ ಅದನ್ನು ಬಿಡುವಂತಿಲ್ಲ. ಅವನು ಮೊದಲ ಸಲ ಅವಳ ಕೈಯನ್ನು ಬಿಗಿಯಾಗಿ ಹಿಡಿದಾಗ ಅವಳಿಗೆ ಮೊದಲು ಆಗುವುದು ನೋವು. ಕೈ ಬಿಡಿಸಿಕೊಳ್ಳುತ್ತಾಳೆ, ಅವನು ಅದನ್ನು ನಿರಾಕರಣೆ ಎಂದುಕೊಳ್ಳುತ್ತಾನೆ. ಎಷ್ಟೋ ಪುಟಗಳ ನಂತರ ತಿಳಿದವನಾಗಿ ತನ್ನ ಅಂಗೈಯನ್ನು ಮೇಲ್ಮುಖವಾಗಿ ಮೇಜಿನ ಮೇಲಿಟ್ಟು ಸುಮ್ಮನಿರುತ್ತಾನೆ. ಇಡುವುದು ಬಿಡುವುದು ಅವಳಿಗೆ ಸೇರಿದ್ದು. ಮದುವೆಯ ನಂತರದ ದೈಹಿಕ ಸುಖಕ್ಕೂ ಈ ಕಾಯಿಲೆ ಅಡ್ಡಿಯಲ್ಲ. ಹೊತ್ತು ನೋಡಿಕೊಳ್ಳಬೇಕು, ಬೆಳಗಿಗಿಂತ ಸಂಜೆ ಮೇಲು, ಬಿಸಿನೀರಿನ ಸ್ನಾನ ಒಳ್ಳೆಯದು, ನೋವಾದಾಗ ಬೇಡ ಎಂದರೆ ಬೇಸರಿಸದವನು ಬೇಕು. ನಮ್ಮಲ್ಲಿ ಗಂಡ-ಹೆಂಡತಿ ಇದನ್ನು ಮಾತನಾಡಿಕೊಳ್ಳುವುದೇ ಅಪರೂಪ. ಒಂದು ಪುಟವನ್ನಾದರೂ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಗೋಕರ್ಣ ಉಳಿಯಲಿ. ಒಣ ಮರಳಲ್ಲಿ ಕಾಲು ಹೂತು ಹೋಗಿ ಪಾದದ ಕೀಲುಗಳಿಗೆ ಕಷ್ಟ. ಅಲೆ ಬಂದು ಹೋದ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅಲ್ಲಿ ಚಪ್ಪಲಿ ಹಾಕಿಕೊಂಡೇ ನಡೆಯಲಿ. ಓಡಲೇಬೇಕೆಂದಿದ್ದರೆ, ಔಷಧ ಹಿಡಿದು ವರ್ಷವಾದ ಮೇಲೆ ಒಂದು ಒಳ್ಳೆಯ ಸಂಜೆ ಹತ್ತು ಹೆಜ್ಜೆ ಓಡಬಹುದು, ನನ್ನ ರೋಗಿಗಳಲ್ಲಿ ಓಡುವವರಿದ್ದಾರೆ. ಮರುದಿನದ ಬೆಳಗನ್ನೂ ಅದೇ ಅಧ್ಯಾಯದಲ್ಲಿ ಬರೆಯಿರಿ: ವಸತಿಗೃಹದ ಕೋಣೆ, ಐದು ಗಂಟೆ, ಬಕೆಟ್ಟಿನಲ್ಲಿ ಬಿಸಿನೀರು ತುಂಬುವ ಸದ್ದು, ನಲ್ಲಿ ತಿರುಗಿಸಿದವನು ಅವನು.

ಕೊನೆಯದಾಗಿ, ಅಚ್ಚಿಗೆ ಹೋಗುವ ಮೊದಲು ಮೂರನೆಯ ಅಧ್ಯಾಯದ ಒಂದು ವಾಕ್ಯವನ್ನು ದಯವಿಟ್ಟು ಬದಲಿಸಿ. "ದಿನಾ ರಾತ್ರಿ ಊಟವಾದ ಮೇಲೆ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುತ್ತಿದ್ದಳು" ಎಂದು ಬರೆದಿದ್ದೀರಿ. ಈ ಕಾಯಿಲೆಗೆ ಅದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ, ಪ್ರತಿ ವಾರವೂ ಗೊತ್ತು ಮಾಡಿದ ಅದೇ ದಿನ, ವೈದ್ಯರು ಹೇಳಿದ ಬೇರೆ ದಿನ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ, ನಿಯಮಿತವಾಗಿ ರಕ್ತಪರೀಕ್ಷೆ. ತಿಳಿಯದೆ ದಿನಾ ನುಂಗಿದವರಿಗೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಜೀವ ಹೋದದ್ದಿದೆ. ಅವಳ ಕ್ಯಾಲೆಂಡರಿನಲ್ಲಿ ಭಾನುವಾರಗಳ ಸುತ್ತ ಪೆನ್ಸಿಲಿನ ಒಂದು ಸಣ್ಣ ವೃತ್ತ ಇರಲಿ. ಅದು ಏನೆಂದು ನಾಯಕ ಒಂದು ದಿನ ಕೇಳಲಿ.